ತೇಜಸ್ ಹೋದ ಮೇಲೆ ನಮ್ಮ ಸರದಿ

ಬೆಂಗಳೂರಿಂದ ಬಳ್ಳಾರಿಗೆ ರಸ್ತೆ ಮೇಲೆ ಸುಮಾರು ಮುನ್ನೂರು ಕಿಲೋಮೀಟರ್. ನಮ್ಮೂರಿನವರು ರಾತ್ರಿ ಬಸ್ಸು ಹತ್ತುತ್ತಾರೆ, ಇಲ್ಲಾ ಹಂಪಿ ಎಕ್ಸ್‌ಪ್ರೆಸ್ ಹಿಡಿಯುತ್ತಾರೆ. ಈ ಸಲ ಪೈಲಟ್ ಆಗಿರೋ ಅಣ್ಣನ ಮಗ ನಾಲ್ಕು ಸೀಟಿನ ಸೆಸ್ನಾ 172 ವಿಮಾನ ತಗೊಂಡು ಬಳ್ಳಾರಿ ಹತ್ತಿರದ ತೋರಣಗಲ್ಲಿಗೆ ಹೊರಟಿದ್ದ. "ಚಿಕ್ಕಪ್ಪ, ಬರ್ತೀರೇನ್ರಿ?" ಅಂದ. ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟೆ.

ವಿಮಾನ ನಿಂತಿದ್ದು ಎಚ್‌ಎಎಲ್‌ನಲ್ಲಿ, ಅಂದ್ರೆ ಹಳೇ ಏರ್‌ಪೋರ್ಟಲ್ಲಿ. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದ ಮೇಲೆ ಇಲ್ಲಿ ಏನೂ ಇಲ್ಲ ಅಂತ ಸುಮಾರು ಜನ ತಿಳಿದಿದ್ದಾರೆ. ಹಾಗೇನಿಲ್ಲ. ನಮ್ಮ ದೇಶದ್ದೇ ಯುದ್ಧ ವಿಮಾನ ತೇಜಸ್ ಮೊದಲ ಸಲ ಹಾರಿದ್ದು ಇಲ್ಲಿಂದಲೇ, 2001ರ ಜನವರಿ 4ರಂದು. ವಾಯುಪಡೆಯ ಟೆಸ್ಟ್ ಪೈಲಟ್‌ಗಳು ಇರೋದೂ ಇಲ್ಲೇ. ಯುದ್ಧ ವಿಮಾನ, ಹೆಲಿಕಾಪ್ಟರ್ ಎಲ್ಲ ಹಾರಾಡೋ ಜಾಗದಲ್ಲೇ ಖಾಸಗಿಯವರ ಸಣ್ಣ ವಿಮಾನಗಳಿಗೂ ಜಾಗ ಸಿಗುತ್ತದೆ. ಆದರೆ ಕಾಯಬೇಕು.

ಬಂದು ಹತ್ತಿ ಹೊರಡೋಕೆ ಆಗಲ್ಲ. ಮೊದಲು ಫ್ಲೈಟ್ ಪ್ಲಾನ್ ಕೊಡಬೇಕು. ಆಮೇಲೆ ಎಫ್‌ಐಸಿ ನಂಬರ್, ಎಡಿಸಿ ನಂಬರ್ ಎರಡೂ ಕೈಗೆ ಬರಬೇಕು. ಎಫ್‌ಐಸಿ ಅಂದ್ರೆ ವಿಮಾನ ಹಾರಾಟದ ಮಾಹಿತಿ ಕೇಂದ್ರ, ಎಡಿಸಿ ಅಂದ್ರೆ ವಾಯು ರಕ್ಷಣೆಯವರ ಒಪ್ಪಿಗೆ. ರೇಡಾರ್‌ನಲ್ಲಿ ಕಾಣೋ ಚುಕ್ಕೆ ಯಾರದು ಅಂತ ಅವರಿಗೆ ಮೊದಲೇ ಗೊತ್ತಿರಬೇಕು ಅಲ್ವಾ? ನಾನು ಫೋನ್ ತೆಗೆಯೋಕೆ ಮುಂಚೆನೇ ಅಣ್ಣನ ಹುಡುಗ ಹೇಳಿದ: "ಇಲ್ಲಿ ಫೋಟೋ ತೆಗಿಯಂಗಿಲ್ರಿ."

ರನ್‌ವೇ ಪಕ್ಕ ಹೋಲ್ಡಿಂಗ್ ಪಾಯಿಂಟ್‌ನಲ್ಲಿ, ಅಂದ್ರೆ ಸರದಿಗೆ ಕಾಯೋ ಜಾಗದಲ್ಲಿ ನಿಂತೆವು. ಎದುರಿಗೇ ತೇಜಸ್ ಬಂದು ರನ್‌ವೇ ಹತ್ತಿತು. ಹಿಂದೆ ಅಡ್ಡ ರೆಕ್ಕೆ ಇಲ್ಲ, ತ್ರಿಕೋನದ ರೆಕ್ಕೆ ಮಾತ್ರ. ಎಂಜಿನ್‌ಗೆ ಹೆಚ್ಚಿನ ಬಲ ಕೊಡೋ ಆಫ್ಟರ್‌ಬರ್ನರ್ ಹೊತ್ತಿಕೊಂಡಾಗ ಹೆಡ್‌ಸೆಟ್ ಹಾಕಿದ್ದರೂ ಸದ್ದು ಎದೆಗೆ ತಾಕಿತು. ಹುಡುಗನ ತೊಡೆ ಮೇಲಿದ್ದ ಪ್ಯಾಡಿನ ಕ್ಲಿಪ್ಪು ಟರಟರ ಅಂತು. ಅದು ಮೇಲೇರಿದ ಕೂಡಲೇ ನಾವು ಹೋಗೋ ಹಾಗಿಲ್ಲ. ದೊಡ್ಡ ವಿಮಾನದ ರೆಕ್ಕೆ ತುದಿಯಿಂದ ಗಾಳಿ ಸುಳಿ ಏಳುತ್ತದೆ. ತೇಜಸ್ ತುಂಬಿದಾಗ 13 ಟನ್ ದಾಟುತ್ತದೆ, ನಮ್ಮದು ಎಲ್ಲಾ ಸೇರಿ ಸಾವಿರದ ಚಿಲ್ಲರೆ ಕೆಜಿ. ಆ ಸುಳಿಗೆ ಸಿಕ್ಕರೆ ಮಗುಚಬಹುದು.

ಅಷ್ಟರಲ್ಲಿ ಇನ್ನೊಂದು ತೇಜಸ್ ಇಳಿಯಿತು. ಹಿಂದೆ ಪ್ಯಾರಾಶೂಟ್ ಬಿಚ್ಚಿಕೊಂಡು ವೇಗ ಇಳಿಸಿತು. ಆಮೇಲೆ ಜೀಪಿನವರು ಬಂದು ಆ ಬಟ್ಟೆ ಎತ್ತಿಕೊಂಡು ಹೋದರು. ರನ್‌ವೇ ಉದ್ದಕ್ಕೂ ನೋಡುತ್ತಾ ಹೋದರು, ಒಂದು ಸಣ್ಣ ಕಲ್ಲು ಸಾಕು ಜೆಟ್ ಎಂಜಿನ್ ಹಾಳಾಗೋಕೆ. ನನಗೆ ಈ ಶಿಸ್ತು ತುಂಬಾ ಹಿಡಿಸಿತು. ಟವರ್‌ನ ದನಿಯಲ್ಲಿ ಒಂಚೂರೂ ಗಡಿಬಿಡಿ ಇರಲಿಲ್ಲ. ಫೈಟರ್ ಪೈಲಟ್‌ಗೆ ಮಾತಾಡಿದಷ್ಟೇ ನಿಧಾನವಾಗಿ ನಮ್ಮ ಹುಡುಗನ ಜೊತೆಗೂ ಮಾತಾಡಿದರು.

ಹುಡುಗ ಮಾತ್ರ ಗಡಿಯಾರ ನೋಡ್ತಿದ್ದ. ನಾವು ಹಾರೋದು ಕಣ್ಣಿಗೆ ಕಾಣೋ ಬೆಳಕಲ್ಲಿ. ಕತ್ತಲಾಗೋ ಮುಂಚೆ ಇಳಿಯಲೇಬೇಕು. ತೀರಾ ತಡವಾದರೆ ಇವತ್ತಿನ ಪ್ರಯಾಣವೇ ಇಲ್ಲ. ಕೊನೆಗೆ ಅನುಮತಿ ಬಂತು.

ಊರು ದಾಟೋವರೆಗೆ ಟವರ್ ಹೇಳಿದ ಎತ್ತರದಲ್ಲೇ ಹೋದೆವು. ಆಮೇಲೆ ಬಯಲು, ಕೆರೆ, ಬಂಡೆ. ಬಲಕ್ಕೆ ದೂರದಲ್ಲಿ ಪಾವಗಡದ ಸೋಲಾರ್ ಹಲಗೆಗಳು ಮಿನುಗಿದವು. ಎಡಕ್ಕೆ ಚಳ್ಳಕೆರೆ ಕಡೆ ರಕ್ಷಣಾ ಸಂಶೋಧನೆಯವರು, ಅಂದ್ರೆ ಡಿಆರ್‌ಡಿಒ, ವಿಮಾನ ಪರೀಕ್ಷಿಸೋ ಜಾಗ. ಆ ದಿಕ್ಕಿಗೆ ಹೋಗಲಿಲ್ಲ.

ನೆಲ ಕೆಂಪಾಗುತ್ತಾ ಬಂದಾಗ ನಮ್ಮ ಸೀಮೆ ಬಂತು ಅಂತ ಗೊತ್ತಾಯಿತು. ಬಲಗಡೆ ಬಳ್ಳಾರಿ ಕೋಟೆಯ ಗುಡ್ಡ. ಅದಕ್ಕೂ ಈಚೆ ಚಾಗನೂರು ಕಡೆ ಬಯಲು. ವಿಮಾನ ನಿಲ್ದಾಣ ಮಾಡ್ತೀವಿ ಅಂತ ಅಲ್ಲಿನ ರೈತರ ಜಮೀನು ತಗೊಂಡು ಎಷ್ಟೋ ವರ್ಷ ಆಯಿತು, ಇನ್ನೂ ಬಯಲೇ, ನೋಡಿದರೆ ಹೊಟ್ಟೆ ಉರಿಯುತ್ತದೆ. ಎಡಕ್ಕೆ ಸಂಡೂರಿನ ಬೆಟ್ಟ. ಹಸಿರಿನ ನಡುವೆ ಅದಿರು ಅಗೆದ ಕಡೆಯೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕೆಂಪು. ಲಾರಿ ಹಿಂದೆ ಧೂಳು ಕುಡಿದವನಿಗೂ ಆ ಗಾಯ ಎಷ್ಟು ಅಗಲ ಅಂತ ಕೆಳಗಿಂದ ತಿಳಿಯೋದಿಲ್ಲ.

ಮುಂದೆ ಜಿಂದಾಲ್ ಕಾರ್ಖಾನೆಯ ಚಿಮಣಿಗಳು, ಅದರ ಹತ್ತಿರವೇ ರನ್‌ವೇ. ಬೆಳಕು ಇರುವಾಗಲೇ ಇಳಿದೆವು. ಹುಡುಗ ಗಾಲಿಗೆ ಅಡ್ಡ ಕೊಟ್ಟು, ರೆಕ್ಕೆಗಳಿಗೆ ಹಗ್ಗ ಬಿಗಿದ. ನಾನು ಅಣ್ಣನಿಗೆ ಫೋನ್ ಮಾಡಿ ಕಾರು ತರೋಕೆ ಹೇಳಿದೆ.