ಶಾಖ್ತಾರ್ ಬೊಂಬೆಗಳು: ಕಪ್ಪಿನ ಮೇಲೆ ಕಿತ್ತಳೆ ಕೊನೆಗೂ ಕೂತಿತು

ಆಯಿತು! ಕಪ್ಪು ಪ್ರೈಮರ್ (ಮೊದಲು ಹೊಡೆಯುವ ತಳದ ಬಣ್ಣ) ಮೇಲೆ ಕಿತ್ತಳೆ ಕೂತಿತು, ಒಣಗಿದ ಮೇಲೂ ಕಿತ್ತಳೆಯಾಗಿಯೇ ಉಳಿಯಿತು. ಟೇಬಲ್ ಫುಟ್‌ಬಾಲ್ ಬೊಂಬೆಗಳಿಗೆ ಬಣ್ಣ ಹಚ್ಚುವವರಿಗೆ ಇದು ಎಂಥ ಖುಷಿ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕೆಂಪು ಸತಾಯಿಸುತ್ತದೆ, ಹಳದಿ ಅಳು ಬರಿಸುತ್ತದೆ, ಕಿತ್ತಳೆ ಅವೆರಡರ ಮಗು ಅಲ್ವಾ, ಎರಡು ಬುದ್ಧಿಯನ್ನೂ ತಂದುಕೊಂಡಿದೆ.

ತೊಳೆಯೋದು, ಅಂಚು ಕೆರೆಯೋದು, ಪ್ರೈಮರ್ ಹೊಡೆಯೋದು ನಿಮಗೆಲ್ಲ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ಹೊಸಬರಿಗೆ ಮಾತ್ರ ಒಂದು ಮಾತು. ಉಕ್ರೇನ್‌ನ ದೊನೆತ್ಸ್ಕ್ ಊರಿನ ಶಾಖ್ತಾರ್ ಫುಟ್‌ಬಾಲ್ ಕ್ಲಬ್‌ನ ಮೂರು ತಂಡಗಳನ್ನು ಮಾಡುತ್ತಿದ್ದೇನೆ: 1961, 2009, 2023. ಜೊತೆಗೆ ವಿತಾಲಿ ಸ್ತಾರುಖಿನ್‌ದು ಒಂದು ಬಿಡಿ ಬೊಂಬೆ. 1979ರಲ್ಲಿ ಸೋವಿಯತ್ ಲೀಗ್‌ನಲ್ಲಿ 26 ಗೋಲು ಹೊಡೆದ, ತಲೆಯಲ್ಲಿ ಗೋಲು ಹೊಡೆಯುವುದಕ್ಕೇ ಹೆಸರಾದ ಆಟಗಾರ. ಕೂದಲು ಕಮ್ಮಿ, ಹಾಗಾಗಿ ನನ್ನ ಬ್ರಷ್‌ಗೆ ಅಲ್ಲಿ ಸ್ವಲ್ಪ ರಜೆ.

ಬಿಳಿ ಪ್ರೈಮರ್ ಹಾಕಿದ್ದರೆ ಮುಗಿಯುತ್ತಿರಲಿಲ್ವಾ ಅಂತ ಕೇಳಬಹುದು. ಮುಗಿಯುತ್ತಿತ್ತು. ಆದರೆ ಈ ಕ್ಲಬ್‌ಗೆ ಕಪ್ಪೇ ಮೊದಲು. 1935ರಲ್ಲಿ ದೊನೆತ್ಸ್ಕ್ ಇರುವ ಕಲ್ಲಿದ್ದಲು ಸೀಮೆ ದೊನ್‌ಬಾಸ್‌ನ ಒಂದು ಗಣಿಯಲ್ಲಿ ಅಲೆಕ್ಸಿ ಸ್ತಖಾನೊವ್ ಒಂದೇ ಪಾಳಿಯಲ್ಲಿ 102 ಟನ್ ಕಲ್ಲಿದ್ದಲು ತೆಗೆದ ಅಂತ ಸೋವಿಯತ್ ಸರ್ಕಾರ ಅವನನ್ನು ಮೆರೆಸಿತು. ಮರುವರ್ಷ ಹುಟ್ಟಿದ ಈ ತಂಡಕ್ಕೆ ಅವನ ಹೆಸರಿನಿಂದಲೇ ಸ್ತಖಾನೊವೆಟ್ಸ್ ಅಂತ ಹೆಸರಿಟ್ಟರು. 1946ರಲ್ಲಿ ಅದು ಶಾಖ್ತಾರ್ ಆಯಿತು, ಅಂದರೆ ಗಣಿ ಕಾರ್ಮಿಕ. ಕಿತ್ತಳೆ-ಕಪ್ಪು ಬಣ್ಣ ಬಂದದ್ದು 1961ರಲ್ಲಿ. ಕಪ್ಪು ಅಂದರೆ ನೆಲದಡಿಯ ಕತ್ತಲೆ, ಕಿತ್ತಳೆ ಅಂದರೆ ಪಾಳಿ ಮುಗಿಸಿ ಮೇಲೆ ಬಂದವನಿಗೆ ಕಾಣುವ ಬೆಳಕು ಅಂತ ಅಭಿಮಾನಿಗಳು ಹೇಳುತ್ತಾರೆ. ಇದನ್ನು ತಿಳಿದ ಮೇಲೆ ಬಿಳಿಯಿಂದ ಶುರು ಮಾಡಲು ನನಗೆ ಮನಸ್ಸು ಬರಲಿಲ್ಲ. ಅಂಗಿಯ ಮಡಿಕೆಗಳಲ್ಲಿ ಕಪ್ಪು ಉಳಿಯಬೇಕು, ಉಬ್ಬಿದ ಕಡೆ ಕಿತ್ತಳೆ ಬೆಳಗಬೇಕು.

ಈಗ ಗೋಳಿನ ಭಾಗ. ಹಳೇ ಕಾಲದ ಗಟ್ಟಿ ಕಿತ್ತಳೆಯಲ್ಲಿ ಕ್ಯಾಡ್ಮಿಯಂ ಇರುತ್ತಿತ್ತು, ಅದು ಚೆನ್ನಾಗಿ ಮುಚ್ಚುತ್ತಿತ್ತು. ಈಗ ಸಿಗುವ ಅಗ್ಗದ ಅಕ್ರಿಲಿಕ್ ಬಾಟಲಿಗಳಲ್ಲಿ ಜಾಸ್ತಿ ಬರುವುದು ಪಾರದರ್ಶಕ ಪಿಗ್ಮೆಂಟ್, ಅಂದರೆ ಬಣ್ಣ ಕೊಡುವ ಪುಡಿ. ಕಪ್ಪಿನ ಮೇಲೆ ಅದನ್ನು ಹಚ್ಚಿದರೆ ತಿಳಿ ಸಾರಿನ ಹಾಗೆ ಹರಿದು ಮಡಿಕೆಯಲ್ಲಿ ನಿಲ್ಲುತ್ತದೆ, ಉಬ್ಬಿದ ಜಾಗದಲ್ಲಿ ಏನೂ ಉಳಿಯುವುದಿಲ್ಲ. ಕೋಟ್ ಮೇಲೆ ಕೋಟ್ ಹಾಕಿದರೆ ಕಂದು ಬರುತ್ತದೆ, ಮುಖದ ಗೆರೆಗಳೆಲ್ಲ ಮುಚ್ಚಿ ಹೋಗುತ್ತವೆ. ಇದನ್ನು ಮೊದಲೇ ತಿಳಿಯೋಣ ಅಂದರೆ ಬಾಟಲಿ ಮೇಲೆ ಒಳಗೆ ಯಾವ ಪಿಗ್ಮೆಂಟ್ ಇದೆ ಅಂತ ಹೇಳುವ ನಂಬರೇ ಇಲ್ಲ! ಅಂಗಡಿಯವರನ್ನು ಕೇಳಿದರೆ 'ಫುಲ್ ಕವರೇಜ್ ಸಾರ್' ಅಂದರು. ಆನ್‌ಲೈನ್‌ನಲ್ಲಿ ತರಿಸಿದ್ದು ಇನ್ನೊಂದು ಕಥೆ. ಮುಚ್ಚಳದ ಮೇಲೆ ಕಿತ್ತಳೆ, ಒಳಗೆ ರಸ್ತೆ ಕೆಲಸದವರ ಜಾಕೆಟ್‌ನ ಫ್ಲೋರೊಸೆಂಟ್. ವಾಪಸ್ ಕಳಿಸಿದರೆ ಅದನ್ನೇ ಮತ್ತೆ ಕಳಿಸಿದರು. ಬಣ್ಣ ಮಾರುವವರೇ, ದಯವಿಟ್ಟು ಪಿಗ್ಮೆಂಟ್ ನಂಬರ್ ಹಾಕಿ. ಒಂದು ಸಾಲು ಸಾಕು.

ದಾರಿ ಸಿಕ್ಕಿದ್ದು ಗುಲಾಬಿಯಲ್ಲಿ. ಬಿಳಿಗೆ ಒಂದು ಚೂರು ಕೆಂಪು ಸೇರಿಸಿ ಮಾಡಿದ ತಿಳಿ ಗುಲಾಬಿಯನ್ನು ಅಂಗಿಯ ಉಬ್ಬಿದ ಭಾಗಕ್ಕೆ ಮಾತ್ರ ಹಚ್ಚಬೇಕು. ಬಿಳಿಯಲ್ಲಿರುವ ಟೈಟೇನಿಯಂ ಕಪ್ಪನ್ನು ಒಂದೇ ಏಟಿಗೆ ಮುಚ್ಚುತ್ತದೆ. ಬರೀ ಬಿಳಿ ಹಚ್ಚಿದರೆ ಮೇಲಿನ ಕಿತ್ತಳೆ ಸುಣ್ಣ ಬಳಿದಂತೆ ಪೇಲವವಾಗುತ್ತದೆ, ಗುಲಾಬಿಯಿದ್ದರೆ ಬಿಸಿಯಾಗಿ ಕಾಣುತ್ತದೆ. ಭುಜ, ಎದೆಯ ಮೇಲ್ಭಾಗಕ್ಕೆ ಯೆಲ್ಲೋ ಓಕರ್, ಅಂದರೆ ಮಣ್ಣಿನ ಹಳದಿ. ಅದರಲ್ಲಿರುವುದು ಐರನ್ ಆಕ್ಸೈಡ್, ಅದೂ ಚೆನ್ನಾಗಿ ಮುಚ್ಚುತ್ತದೆ. ಪೂರ್ತಿ ಒಣಗಿದ ಮೇಲೆ ಅದೇ ಹಾಳು ಪಾರದರ್ಶಕ ಕಿತ್ತಳೆಯನ್ನು ತೆಳ್ಳಗೆ ಎರಡು ಕೋಟ್. ಪೂರ್ತಿ ಒಣಗಿದ ಮೇಲೆ ಅಂದೆ, ಗಮನಿಸಿ. ಅರ್ಧ ಒಣಗಿದ್ದಾಗ ಬ್ರಷ್ ತಾಗಿದರೆ ಕೆಳಗಿನ ಗುಲಾಬಿ ಎದ್ದು ಬರುತ್ತದೆ. ಇಷ್ಟು ದಿನ ಕಾಡಿದ ಆ ಪಾರದರ್ಶಕತೆಯೇ ಈಗ ಉಪಕಾರಕ್ಕೆ ಬಂತು. ಮಡಿಕೆಯ ಕಪ್ಪು, ಅಂಚಿನ ಗುಲಾಬಿ, ಭುಜದ ಓಕರ್ ಮೂರೂ ಅದರ ಕೆಳಗಿಂದ ಕಾಣುತ್ತವೆ. ಚಡ್ಡಿಗೆ ಬರೀ ಕಪ್ಪು ಬೇಡ, ಒಂದು ತೊಟ್ಟು ನೀಲಿ ಬೆರೆಸಿ. ಕಲ್ಲಿದ್ದಲಿನ ಹೊಳಪು ಬರುತ್ತದೆ.

ಮೊದಲು ಮುಗಿದದ್ದು 1961ರ ತಂಡ. ಆ ವರ್ಷ ಶಾಖ್ತಾರ್ ಮಾಸ್ಕೋದ ತೊರ್ಪೆದೊವನ್ನು 3-1ರಲ್ಲಿ ಸೋಲಿಸಿ ಸೋವಿಯತ್ ಕಪ್ ಗೆದ್ದಿತು. ಅದೇ ವರ್ಷ ಕೀವ್‌ನ ದಿನಾಮೊ ಲೀಗ್ ಗೆದ್ದಿತು. ಮಾಸ್ಕೋದ ಹೊರಗಿನ ಕ್ಲಬ್ ಲೀಗ್ ಗೆದ್ದದ್ದು ಅದೇ ಮೊದಲು. ಎರಡೂ ಕಪ್ ಒಂದೇ ವರ್ಷ ಉಕ್ರೇನ್‌ಗೆ! ಹಾಗಾಗಿ ಮುಂದೆ ದಿನಾಮೊ ಕೂಡ ಮಾಡಲೇಬೇಕು. 1975ರ ತಂಡ, ಯುರೋಪಿನ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ ಬಾಸೆಲ್‌ನಲ್ಲಿ ಹಂಗೇರಿಯ ಫೆರೆನ್ಸ್‌ವರೋಶ್ ವಿರುದ್ಧ 3-0, ಆಮೇಲೆ ಸೂಪರ್ ಕಪ್‌ನಲ್ಲಿ ಬಯರ್ನ್ ವಿರುದ್ಧ ಮೂರೂ ಗೋಲು ಒಲೆಗ್ ಬ್ಲೊಖಿನ್‌ದು. ಅವರದು ಬಿಳಿ-ನೀಲಿ. ಎಷ್ಟು ನೆಮ್ಮದಿಯ ಬಣ್ಣಗಳು ಅಲ್ವಾ!

ಈಗ ಮೇಜಿನ ಮೇಲಿರುವುದು 2009. ಮೇ 20, ಇಸ್ತಾಂಬುಲ್, ಯುರೋಪಿನ ಕ್ಲಬ್‌ಗಳ ಯುಇಎಫ್‌ಎ ಕಪ್, ಆ ಹೆಸರಿನಲ್ಲಿ ನಡೆದ ಕೊನೆಯ ಫೈನಲ್. ಲುಯಿಜ್ ಅಡ್ರಿಯಾನೊ ಹೊಡೆದ, ವೆರ್ಡರ್ ಬ್ರೆಮೆನ್‌ನ ನಾಲ್ಡೊ ಸಮ ಮಾಡಿದ, 97ನೇ ನಿಮಿಷದಲ್ಲಿ ಜಾಡ್ಸನ್ ಮುಗಿಸಿದ. ಸ್ವತಂತ್ರ ಉಕ್ರೇನ್‌ನ ಕ್ಲಬ್ ಗೆದ್ದ ಮೊದಲ ಯುರೋಪಿಯನ್ ಕಪ್ ಅದು. ಮೊದಲ ಹನ್ನೊಂದರಲ್ಲಿ ಐದು ಜನ ಬ್ರೆಜಿಲ್‌ನವರು, ನಾಯಕ ಕ್ರೊಯೇಷಿಯಾದ ದಾರಿಯೊ ಸ್ರ್ನಾ. ಚರ್ಮಕ್ಕೆ ಎಷ್ಟು ಬಗೆಯ ಕಂದು ಬೆರೆಸಬೇಕು ಅಂತ ನೀವೇ ಊಹಿಸಿ.

ಅದೇ ವರ್ಷ ಆಗಸ್ಟ್‌ನಲ್ಲಿ ದೊನ್‌ಬಾಸ್ ಅರೀನಾ ತೆರೆಯಿತು. 50,000ಕ್ಕೂ ಜಾಸ್ತಿ ಜನ ಕೂರುವ, ಗಾಜಿನ ಗೋಡೆಯ ಮೈದಾನ. ಅಲ್ಲಿ ಶಾಖ್ತಾರ್ ಕೊನೆಯ ಪಂದ್ಯ ಆಡಿದ್ದು 2014ರ ಮೇ 2ರಂದು. ಐದು ವರ್ಷವೂ ತುಂಬಿರಲಿಲ್ಲ. ಯುದ್ಧ ಬಂತು, ತಂಡ ಸುಮಾರು 1000 ಕಿಲೋಮೀಟರ್ ದೂರದ ಲ್ವಿವ್‌ಗೆ ಹೋಯಿತು, ಆಮೇಲೆ ಖಾರ್ಕಿವ್, ಆಮೇಲೆ ಕೀವ್. 2022ರಲ್ಲಿ ರಷ್ಯಾ ಇಡೀ ದೇಶದ ಮೇಲೆ ಬಿದ್ದ ಮೇಲೆ ಯುರೋಪಿಯನ್ ಪಂದ್ಯಗಳಿಗೆ ವಾರ್ಸಾ, ಹ್ಯಾಂಬರ್ಗ್, ಗೆಲ್ಸೆನ್‌ಕಿರ್ಖೆನ್. ಹ್ಯಾಂಬರ್ಗ್‌ನಲ್ಲಿ 2023ರ ನವೆಂಬರ್ 7ರಂದು ಬಾರ್ಸಿಲೋನಾವನ್ನು 1-0ರಲ್ಲಿ ಸೋಲಿಸಿದರು. ಗೋಲು ದಾನಿಲೊ ಸಿಕಾನ್‌ದು, ತಲೆಯಲ್ಲಿ. ಸ್ತಾರುಖಿನ್ ಬೊಂಬೆಯನ್ನು ಅವನ ಪಕ್ಕದಲ್ಲೇ ನಿಲ್ಲಿಸುತ್ತೇನೆ. ಪ್ರತಿ ಬೊಂಬೆಯ ಬುಡದ ಅಡಿಯಲ್ಲಿ ಒಂದೊಂದು ಊರಿನ ಹೆಸರು ಬರೆಯುತ್ತಿದ್ದೇನೆ. ಯಾವುದು ಯಾರಿಗೆ ಬಂದರೂ ಗೋಲ್‌ಕೀಪರ್‌ನ ಬುಡದಲ್ಲಿ ದೊನೆತ್ಸ್ಕ್ ಅಂತಲೇ ಇರಬೇಕು.

ಇನ್ನೊಂದು ಆಸೆ ಇದೆ, ಅರೀನಾವನ್ನೇ ಕಟ್ಟುವುದು. ಅದರ ಚಾವಣಿ ಸಮತಟ್ಟಲ್ಲ, ಉತ್ತರದಿಂದ ದಕ್ಷಿಣಕ್ಕೆ ಇಳಿಜಾರು, ನೆಲದ ಇಳಿಜಾರಿನ ಜೊತೆಗೇ ಇಳಿಯುತ್ತದೆ. ಫೋಮ್ ಬೋರ್ಡ್‌ನಲ್ಲಿ ಮೊಟ್ಟೆಯಾಕಾರದ ಉಂಗುರ ಕತ್ತರಿಸಿ ಅದನ್ನು ಓರೆಯಾಗಿ ಕೂರಿಸಿದರೆ ಒಂದು ಕಡೆ ಸೊಟ್ಟಗಾಗುತ್ತಿದೆ. ಕಂಬಗಳ ಎತ್ತರ ಬದಲಿಸುತ್ತಾ ಹೋಗಬೇಕಾ, ಅಥವಾ ತೆಳು ಅಕ್ರಿಲಿಕ್ ಶೀಟ್ ಬಿಸಿ ಮಾಡಿ ಬಗ್ಗಿಸಬೇಕಾ? ಓರೆ ಚಾವಣಿ ಮಾಡಿದವರಿದ್ದರೆ ಹೇಳಿ, ಶೀಟ್ ತರಿಸುವ ಮುಂಚೆಯೇ ಹೇಳಿ.