ಲೂಸ್ ಬೇರೆ, ಲೂಜ಼್ ಬೇರೆ

ಇಂಗ್ಲಿಷಿನಲ್ಲಿ ಒಂದೇ ಥರ ಕಾಣುವ ಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದು ನನಗೆ ಇಷ್ಟವಿಲ್ಲ. ಪರೀಕ್ಷೆ ಮುಗಿದರೆ ಪಟ್ಟಿ ಮರೆತುಹೋಗುತ್ತದೆ, ಗೊಂದಲ ಹಾಗೇ ಉಳಿಯುತ್ತದೆ. ಎಷ್ಟೋ ಪದಗಳನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ಬೇರೆ ಮಾಡಬೇಕು.

ಸಡಿಲ ಅನ್ನುವುದಕ್ಕೂ ಲೂಸ್, ಕಳೆದುಕೊಳ್ಳುವುದಕ್ಕೂ ಲೂಸ್ ಅಂತಲೇ ನಾವು ಹೇಳುತ್ತೇವೆ, ಅಲ್ವಾ? ಸಡಿಲಕ್ಕೆ ಎರಡು 'ಓ', ಕಳೆದುಕೊಳ್ಳುವುದಕ್ಕೆ ಒಂದೇ. ಆದರೆ ಬರೆಯುವಾಗ ಕೈ ತಡವರಿಸುವುದು ಬಾಯಲ್ಲಿ ಎರಡೂ ಒಂದೇ ಆಗಿರುವುದರಿಂದ. ಕಳೆದುಕೊಳ್ಳುವ ಪದದ ಕೊನೆಯಲ್ಲಿ ಜೇನ್ನೊಣ ಗುಂಯ್‌ಗುಟ್ಟಿದ ಹಾಗೆ ಒಂದು ಸದ್ದಿದೆ. ನಮ್ಮ ಅಕ್ಷರಮಾಲೆಯಲ್ಲಿ ಅದಿಲ್ಲ, ಅದಕ್ಕೇ 'ಜ'ಗೆ ಚುಕ್ಕೆ ಸೇರಿಸಿ ಬರೆಯುತ್ತೇವೆ. ಗಂಟಲ ಮೇಲೆ ಬೆರಳಿಟ್ಟು ಹೇಳಿ ನೋಡಿ: ಲೂಸ್ ಅನ್ನುವಾಗ ಕೊನೆಗೆ ಗಂಟಲು ಸುಮ್ಮನಾಗುತ್ತದೆ, ಲೂಜ಼್ ಅನ್ನುವಾಗ ಅದುರುತ್ತಲೇ ಇರುತ್ತದೆ.

ಬೆಲೆ ಪ್ರೈಸ್, ಬಹುಮಾನ ಪ್ರೈಜ಼್. ಸಲಹೆ ಅಡ್ವೈಸ್, ಬರೆಯುವಾಗ 'ಸಿ'. ಸಲಹೆ ಕೊಡುವುದು ಅಡ್ವೈಜ಼್, ಅಲ್ಲಿ 'ಎಸ್'. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ತಲೆಗೆ ಹತ್ತುವುದಿಲ್ಲ ಅಂತ ಯಾರಾದರೂ ಅಂದರೆ ನನಗೆ ತುಂಬಾ ಬೇಜಾರಾಗುತ್ತದೆ. ಹಲ್ಲಿಗೂ ಹಳ್ಳಿಗೂ ಇರುವ ವ್ಯತ್ಯಾಸ ಹಿಡಿಯುವ ಕಿವಿ ಅವರದು, ಈ ಸದ್ದನ್ನು ಯಾರೂ ಅವರಿಗೆ ಬಿಡಿಸಿ ಕೇಳಿಸಿರುವುದಿಲ್ಲ ಅಷ್ಟೇ.

ಕಿವಿಗೆ ಸಿಗದ ಜೋಡಿಗಳೂ ಇವೆ. ಪೆನ್ನು ಕಾಗದದ ಸ್ಟೇಷನರಿ, ನಿಂತಲ್ಲೇ ನಿಂತಿರುವ ಸ್ಟೇಷನರಿ. ಇವೆರಡೂ ಒಂದೇ ಬೇರಿನಿಂದ ಬಂದವು. ಮಧ್ಯಯುಗದ ಯುರೋಪಿನಲ್ಲಿ ಊರೂರು ತಿರುಗದೆ ಒಂದೇ ಕಡೆ ಅಂಗಡಿ ಇಟ್ಟು ಪುಸ್ತಕ ಮಾರುತ್ತಿದ್ದವರಿಗೆ ಸ್ಟೇಷನರ್ ಅಂತ ಹೆಸರು ಬಿತ್ತು. ಲಂಡನ್ನಿನಲ್ಲಿ ಅವರ ಸಂಘ 1403ರಲ್ಲೇ ಶುರುವಾಗಿತ್ತು. ಸ್ಟೇಷನರ್ ಅನ್ನುವ ಪದ 'ಇ ಆರ್' ಇಂದ ಮುಗಿಯುತ್ತದೆ, ಹಾಗಾಗಿ ಅವನು ಮಾರುವ ಸಾಮಾನಿಗೂ 'ಇ'. ನಿಂತ ಬಸ್ಸಿಗೆ 'ಎ'. ನಮ್ಮ ಕಡೆ ಅಂಗಡಿ ಬೋರ್ಡುಗಳಲ್ಲಿ ಈ 'ಎ' ಕಾಣಿಸುವುದೇ ಜಾಸ್ತಿ.

ಕಾಲೇಜಿನ ಪ್ರಿನ್ಸಿಪಾಲರು, ಬ್ಯಾಂಕ್ ಸಾಲದ ಅಸಲು, ಇಂಗ್ಲಿಷಿನಲ್ಲಿ ಎರಡೂ ಪ್ರಿನ್ಸಿಪಲ್. ಎರಡಕ್ಕೂ ಕೊನೆಗೆ 'ಎ ಎಲ್', ಯಾಕಂದರೆ ಎರಡರಲ್ಲೂ ಮುಖ್ಯ ಅನ್ನುವ ಅರ್ಥವಿದೆ. ತತ್ವ, ನಿಯಮ ಅನ್ನುವ ಪ್ರಿನ್ಸಿಪಲ್ ಆದರೆ 'ಎಲ್ ಇ'. ಕೆಲಸದ ಅರ್ಜಿಯಲ್ಲಿ ಇದು ಅದಲು ಬದಲಾದರೆ ಕಂಪ್ಯೂಟರು ಕೆಂಪು ಗೆರೆ ಹಾಕುತ್ತದೆ ಅಂತ ಕಾಯಬೇಡಿ, ಅದರ ಲೆಕ್ಕದಲ್ಲಿ ಎರಡೂ ಸರಿಯಾದ ಪದಗಳೇ. ಅರ್ಜಿ ಕಳಿಸುವ ಮುಂಚೆ ಇಂಥ ಪದ ಬಂದ ಕಡೆಯೆಲ್ಲ ನಿಲ್ಲಿ, ಇಲ್ಲಿ ನಾನು ಹೇಳಬೇಕಾದ್ದು ಏನು ಅಂತ ಕನ್ನಡದಲ್ಲಿ ಒಮ್ಮೆ ಹೇಳಿಕೊಳ್ಳಿ, ಆಮೇಲೆ ಸ್ಪೆಲ್ಲಿಂಗ್ ನೋಡಿ.