ಬೋರ್‌ವೆಲ್ ನೀರು ಕುಡಿದ ಎಂಜಿನ್

ಹೆಲಿಕಾಪ್ಟರ್ ಮೇಂಟೆನೆನ್ಸ್‌ನಲ್ಲಿ ನನ್ನ ಮೊದಲ ಪೋಸ್ಟಿಂಗ್ ಆಂಧ್ರದ ಕರಾವಳಿ. ಸಮುದ್ರದ ತೈಲ ಬಾವಿಗಳಿಗೆ ಜನರನ್ನು ಒಯ್ಯುವ ಡಾಫಿನ್ ಹೆಲಿಕಾಪ್ಟರ್‌ಗಳು. ಒಂದೊಂದಕ್ಕೂ ಎರಡು ಆರಿಯೆಲ್ ಎಂಜಿನ್.

ಫ್ರಾನ್ಸಿನ ಟರ್ಬೊಮೆಕಾ 1974ರಲ್ಲಿ ಮೊದಲ ಆರಿಯೆಲ್ ಓಡಿಸಿತು. ಆಮೇಲೆ ಆರಿಯೆಲ್ 1, ಆರಿಯೆಲ್ 2 ಅಂತ ಕುಟುಂಬ ಬೆಳೆಯಿತು. ಎಂಜಿನ್ ಅಂದರೆ ಐದು ಮಾಡ್ಯೂಲ್. ಕೆಟ್ಟದ್ದನ್ನು ಬಿಚ್ಚಿ ಬೇರೆಯದನ್ನು ಕೂರಿಸಬಹುದು. ಇದು ದೊಡ್ಡ ಅನುಕೂಲ. ಆದರೆ ನನ್ನಂಥ ಹೊಸಬನಿಗೆ ಅದೇ ಚಟವಾಗುತ್ತದೆ. ಏನೇ ಆಗಲಿ, ಮಾಡ್ಯೂಲ್ ಬಿಚ್ಚೋಣ ಅನ್ನಿಸುತ್ತದೆ!

ಒಂದು ಎಂಜಿನ್‌ನ ಪವರ್ ಚೆಕ್‌ನಲ್ಲಿ ಟಿ4, ಅಂದರೆ ಟರ್ಬೈನ್ (ಬಿಸಿ ಅನಿಲ ತಿರುಗಿಸುವ ಚಕ್ರ) ಹತ್ತಿರದ ಬಿಸಿ, ವಾರದಿಂದ ವಾರಕ್ಕೆ ಏರುತ್ತಿತ್ತು. ಮೂರನೇ ಮಾಡ್ಯೂಲ್‌ನ ಟರ್ಬೈನ್ ಸವೆದಿದೆ ಅಂತ ತೀರ್ಮಾನಿಸಿ, ಬಿಚ್ಚುವ ಕಾಗದವನ್ನೂ ಬರೆದಿಟ್ಟೆ.

ನಮ್ಮ ಸೀನಿಯರ್ ಉಡುಪಿಯವರು. ಕಾಗದ ಓದಿ, "ತೊಳೆಯುವುದು ಸರಿಯಾಗಿ ಆಗ್ತಾ ಉಂಟಾ ಮಾರಾಯ?" ಅಂದರು.

"ದಿನಾ ನಾನೇ ತೊಳೀತೀನಿ ಸಾರ್" ಅಂದೆ, ಸ್ವಲ್ಪ ಸಿಟ್ಟಿನಲ್ಲೇ.

ಉಪ್ಪುಗಾಳಿಯಲ್ಲಿ ಹಾರಿ ಬಂದ ಎಂಜಿನ್ ತಣಿದ ಮೇಲೆ, ಇಗ್ನಿಷನ್ ಇಲ್ಲದೆ ಬರೀ ಸ್ಟಾರ್ಟರ್‌ನಲ್ಲಿ ತಿರುಗಿಸುತ್ತಾ ಗಾಳಿ ಬಾಯಿಗೆ ನೀರು ಚಿಮ್ಮಿಸಬೇಕು. ಆಮೇಲೆ ಓಡಿಸಿ ಒಣಗಿಸಬೇಕು. ಇಷ್ಟನ್ನೂ ನಾನು ತಪ್ಪದೆ ಮಾಡುತ್ತಿದ್ದೆ.

ಅವರು ವಾದ ಮಾಡಲಿಲ್ಲ. ವಾಶ್ ಕಾರ್ಟ್‌ನ ಕ್ಯಾನ್ ಬಗ್ಗಿಸಿ ತೋರಿಸಿದರು. ತಳದಲ್ಲಿ ಬಿಳಿ ಉಂಗುರ. ಬೋರ್ ನೀರಿನ ಊರಲ್ಲಿ ಗೀಸರ್ ಬಿಚ್ಚಿದವರಿಗೆ ಗೊತ್ತು, ಅದೇ ಪದರ. ಬೇಕಾದದ್ದು ಖನಿಜ ತೆಗೆದ ನೀರು. ಅದು ಖಾಲಿಯಾದಾಗ ನಾನು ಹ್ಯಾಂಗರ್‌ನ ಬೋರ್ ನೀರಿನ ನಲ್ಲಿಯಿಂದ ತುಂಬಿಸಿದ್ದೆ. ಮೊದಲು ಒಂದು ದಿನ, ಆಮೇಲೆ ಅಭ್ಯಾಸ. ಶೀಟಿನಲ್ಲಿ ಮಾತ್ರ "ವಾಶ್ ಆಯಿತು" ಅಂತ ನನ್ನ ಸಹಿ!

ಕೊಳೆ ಕೂತದ್ದು ಮೂರನೆಯದರಲ್ಲಲ್ಲ, ಅದರ ಮುಂದಿರುವ ಎರಡನೇ ಮಾಡ್ಯೂಲ್‌ನಲ್ಲಿ, ಅಂದರೆ ಗಾಳಿ ಎಳೆದು ಒತ್ತುವ ಕಂಪ್ರೆಸರ್‌ನಲ್ಲಿ. ನಿಮಿಷಕ್ಕೆ 50 ಸಾವಿರಕ್ಕೂ ಜಾಸ್ತಿ ಸುತ್ತುವ ಆ ಬ್ಲೇಡುಗಳು ಒರಟಾದರೆ ಗಾಳಿ ಕಡಿಮೆ ಎಳೆಯುತ್ತವೆ. ಅಷ್ಟೇ ಪವರ್‌ಗೆ ಇಂಧನ ಜಾಸ್ತಿ ಬೇಕು, ಟಿ4 ಏರುತ್ತದೆ. ಟರ್ಬೈನ್ ಪಾಪ, ಸುಮ್ನೆ ಬೈಸಿಕೊಂಡಿತ್ತು.

ಕ್ಲೀನರ್ ಹಾಕಿ ತೊಳೆದೆವು, ಸರಿಯಾದ ನೀರಿನಲ್ಲಿ ಜಾಲಿಸಿದೆವು. ಮುಂದಿನ ಚೆಕ್‌ನಲ್ಲಿ ಟಿ4 ಮಿತಿಯೊಳಗೆ ಬಂತು. ಸೀನಿಯರ್ ನನ್ನ ಕಾಗದ ಹರಿಯಲಿಲ್ಲ, ಮಡಚಿ ನನ್ನ ಜೇಬಿಗೇ ಹಾಕಿದರು.